ಮರಿ ಬಿಡುವ ಮೊದಲು

(ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿದ್ದವರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನಮ್ಮ ಬಡಾವಣೆಯ ಕೆಲವು ಹುಡುಗರು ಮನೆಗೆ ಬಂದಿದ್ದರು. ಪಕ್ಕದ ಕೆರೆಯ ಹೂಳೆತ್ತಿಸಲು ತುಂಬಾ ಓಡಾಡಿದವರು ಅವರೇ. ಕೆರೆ ಈ ಸಲದ ಮಳೆಗೆ ಚೆನ್ನಾಗಿ ತುಂಬಿದೆ. ಈಗ ಹತ್ತು ಸಾವಿರ ಮೀನು ಮರಿ ಬಿಡಬೇಕು ಅಂತ ಅವರಿಗೆ ಆಸೆ. ದುಡ್ಡೂ ಒಟ್ಟಾಗಿದೆ. "ಅಂಕಲ್, ನೀವು ಜೀವನ ಪೂರ್ತಿ ಮೀನಿನ ಕೆಲಸ ಮಾಡಿದವರು. ಮೊದಲ ಬಕೆಟ್ ನೀವೇ ಸುರಿಯಬೇಕು" ಅಂದರು.

ನಾನು ಕೇಳಿದೆ: "ಈಗ ಆ ನೀರಲ್ಲಿ ಯಾರಿದ್ದಾರೆ?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾರೂ ಇಲ್ಲ ಅಂಕಲ್, ಹೊಸ ನೀರು."

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೆಲ್ಲ ಆ ಉತ್ತರದಿಂದಲೇ ಹುಟ್ಟಿದ್ದು. ಆ ಹುಡುಗರ ತಪ್ಪು ಏನೂ ಇಲ್ಲ. ಅವರ ವಯಸ್ಸಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ, ಸಂಬಳ ತಗೊಂಡು ಹಾಗೇ ಕೆಲಸ ಮಾಡಿದ್ದೆ.

ನಮ್ಮೂರು ತೀರ್ಥಹಳ್ಳಿಯ ಕಡೆ. ಮಲೆನಾಡಿನವರು ಇಲ್ಲಿದ್ದರೆ ಅವರಿಗೆ ಹತ್ತುಮೀನು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗಿ ಉಕ್ಕುತ್ತದೆ. ಆ ನೀರಿಗೆ ಎದುರಾಗಿ ಮೀನುಗಳು ಮೇಲಕ್ಕೆ ಹತ್ತುತ್ತವೆ. ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ. ಅಂಚು ಕಡಿದ ಕಡೆ ಅಪ್ಪ ಕೂಣಿ, ಅಂದರೆ ಬಿದಿರಿನ ಮೀನು ಬೋನು, ಇಡುತ್ತಿದ್ದರು. ರಾತ್ರಿ ಲಾಟೀನು ಹಿಡಿದು ಹೋಗಿ ನೋಡುವ ಸಂಭ್ರಮ ನನಗೆ. ಮೀನು ಯಾಕೆ ಗದ್ದೆಗೆ ಬರುತ್ತದೆ ಅಂತ ಆಗ ಗೊತ್ತಿರಲಿಲ್ಲ. ಗದ್ದೆಯ ನೀರು ತೆಳು, ಬೆಚ್ಚಗೆ. ಮರಿಗೆ ಬೇಕಾದ ಸಣ್ಣ ಜೀವಿಗಳು ಅಲ್ಲಿ ತುಂಬಾ. ದೊಡ್ಡ ಮೀನಿನ ಕಾಟ ಕಡಿಮೆ. ತಾಯಿ ಮೀನಿಗೆ ಅದು ತೊಟ್ಟಿಲು. ಹೊಟ್ಟೆ ಉಬ್ಬಿದ ಮೀನು ಕೂಣಿಗೆ ಬಿದ್ದರೆ ಅಜ್ಜಿ ಬೈಯುತ್ತಿದ್ದಳು, "ಬಸುರಿಯನ್ನ ಬಿಡ್ರೋ" ಅಂತ. ಅಪ್ಪ ಕೆಲವು ಸಲ ಬಿಡುತ್ತಿದ್ದರು, ಕೆಲವು ಸಲ ಇಲ್ಲ.

ಇದೇ ಅಪ್ಪ ಚಿಪ್ಪಲಗುಡ್ಡೆಗೆ ಹೋದರೆ ಬೇರೆ ಮನುಷ್ಯ. ಅಲ್ಲಿ ತುಂಗೆಯಲ್ಲಿ ದೇವರ ಮೀನುಗಳಿವೆ. ಅವುಗಳಿಗೆ ಮಂಡಕ್ಕಿ ಹಾಕಿ ಕೈಮುಗಿಯುತ್ತಿದ್ದರು. ಶೃಂಗೇರಿಯಲ್ಲಿ, ಶಿಶಿಲದಲ್ಲಿ, ಕಾವೇರಿಯ ರಾಮನಾಥಪುರದಲ್ಲಿ ಹೀಗೇ ಕಾಪಾಡಿಕೊಂಡು ಬಂದ ಮಡುಗಳಿವೆ. ಯಾವ ಕಾಯ್ದೆಯೂ ಇಲ್ಲದ ಕಾಲದಿಂದ ಜನ ಅಲ್ಲಿ ಬಲೆ ಹಾಕುವುದಿಲ್ಲ. ಮುಂದೆ ಎಷ್ಟೋ ನದಿಗಳಲ್ಲಿ ಅಳತೆ, ಎಣಿಕೆ ಮಾಡಿದೆ. ಅಷ್ಟು ದೊಡ್ಡ ಮೀನು ಅಷ್ಟು ಒತ್ತಾಗಿ ಬೇರೆಲ್ಲೂ ನನಗೆ ಕಾಣಲಿಲ್ಲ.

ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಸೇರಿದ್ದು 1981ರಲ್ಲಿ. 1969ರಲ್ಲಿ ಶುರುವಾದ ಆ ಕಾಲೇಜು ದೇಶದಲ್ಲೇ ಮೊದಲನೆಯದು. ಆಗ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೈಕೆಳಗೆ ಇತ್ತು. ಓದು ಮುಗಿಸಿ ನಾನು ಬೆಂಗಳೂರಿಗೆ ಬಂದೆ. ಹೆಸರಘಟ್ಟದ ಕಡೆ ಮರಿ ಉತ್ಪಾದನೆಯ ಕೆಲಸ.

ಹೆಸರಘಟ್ಟ ಕೆರೆಯನ್ನು 1894ರಲ್ಲಿ ಅರ್ಕಾವತಿಗೆ ಅಡ್ಡ ಕಟ್ಟಿ ಮಾಡಿದ್ದು, ಊರಿಗೆ ಕುಡಿಯುವ ನೀರಿಗೆ ಅಂತ. ನಾನು ಸೇರುವ ಹೊತ್ತಿಗೆ ಅರ್ಕಾವತಿ ಸೊರಗಲು ಶುರುವಾಗಿತ್ತು. ಆದರೂ ಬೆಳಗಿನ ಜಾವದ ಮಂಜಿನಲ್ಲಿ ಆ ಕೆರೆ ನೋಡಲು ಬಹಳ ಚೆನ್ನಾಗಿರುತ್ತಿತ್ತು.

ಮರಿ ಹುಟ್ಟಿಸುವ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಅದು ಇವತ್ತಿಗೂ ಇಷ್ಟ. ಕಾಟ್ಲಾ, ರೋಹು, ಮೃಗಾಲ್ ಉತ್ತರದ ದೊಡ್ಡ ನದಿಗಳ ಮೀನು. ನಿಂತ ನೀರಿನಲ್ಲಿ ಬೆಳೆಯುತ್ತವೆ, ಆದರೆ ಮೊಟ್ಟೆ ಇಡುವುದಿಲ್ಲ. ಅವುಗಳಿಗೆ ಪ್ರವಾಹ ಬೇಕು. ಮೊದಲೆಲ್ಲ ಗಂಗೆಯ ಕಡೆಯಿಂದ ಮರಿ ಹಿಡಿದು ರೈಲಿನಲ್ಲಿ ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಮೀನಿಗೆ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಕೊಳದಲ್ಲೇ ಮೊಟ್ಟೆ ಇಡಿಸಿದರು. ದೇಶದ ಮೀನು ಸಾಕಣೆ ಬದಲಾಗಿದ್ದು ಅಲ್ಲಿಂದ. ಈಗಲೂ ಜುಲೈ 10 ಮೀನು ಕೃಷಿಕರ ದಿನ.

ನಮ್ಮ ಕಾಲಕ್ಕೂ ಆ ಗ್ರಂಥಿಯೇ ಆಧಾರ. ಅದಕ್ಕಾಗಿ ಬೆಳಗ್ಗೆ ಐದಕ್ಕೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಮೀನು ಕತ್ತರಿಸುವವರು ತಲೆಗಳನ್ನು ಎತ್ತಿಡುತ್ತಿದ್ದರು. ತಲೆಬುರುಡೆಯ ಹಿಂದಿನ ತೂತಿನಿಂದ ಚಿಮಟ ಹಾಕಿ, ಮಿದುಳನ್ನು ಸರಿಸಿ, ಕೆಳಗೆ ಕೂತಿರುವ ಬಿಳಿ ಕಾಳನ್ನು ಒಡೆಯದೆ ತೆಗೆಯಬೇಕು. ಸಾಸಿವೆಗಿಂತ ಸ್ವಲ್ಪ ದೊಡ್ಡದು. ತೆಗೆದ ತಕ್ಷಣ ಆಲ್ಕೋಹಾಲ್ ಬಾಟಲಿಗೆ. ನನಗೆ ಈ ಕೈಚಳಕ ಹೇಳಿಕೊಟ್ಟಿದ್ದು ಕಾಲೇಜಲ್ಲ, ಅಲ್ಲಿ ಮೀನು ಕೊಯ್ಯುತ್ತಿದ್ದ ಒಬ್ಬ ಹಿರಿಯರು. "ಒತ್ತಬೇಡಿ ಸಾರ್, ಅದಾಗೇ ಬರ್ತದೆ" ಅನ್ನುತ್ತಿದ್ದರು.

ಸಂಜೆ ಚುಚ್ಚುಮದ್ದು ಕೊಟ್ಟು, ಒಂದು ಹೆಣ್ಣು ಎರಡು ಗಂಡನ್ನು ಹಾಪಾದಲ್ಲಿ ಬಿಡುತ್ತಿದ್ದೆವು. ಹಾಪಾ ಅಂದರೆ ನೀರಲ್ಲಿ ಕೋಲು ನೆಟ್ಟು ಕಟ್ಟಿದ ಬಟ್ಟೆಯ ತೊಟ್ಟಿ. ನಡುರಾತ್ರಿ ದಾಟಿದ ಮೇಲೆ ಕತ್ತಲಲ್ಲಿ ನೀರು ಬಡಿಯುವ ಸದ್ದು ಕೇಳುತ್ತದೆ. ಆಗ ಗೊತ್ತಾಗುತ್ತದೆ. ಬೆಳಗ್ಗೆ ಹಾಪಾದ ತುಂಬಾ ಸಬ್ಬಕ್ಕಿ ಬೇಯಿಸಿದ ಹಾಗೆ ಮೊಟ್ಟೆ. ಮರುದಿನಕ್ಕೆ ಕೂದಲೆಳೆಯಂಥ ಮರಿಗಳು, ಲಕ್ಷಗಟ್ಟಲೆ. ಆ ಹುಡುಗು ವಯಸ್ಸಿನಲ್ಲಿ ನನಗೆ ಅನಿಸಿತ್ತು, ಇನ್ನು ನಾಡಿನ ಯಾವ ಕೆರೆಯೂ ಖಾಲಿ ಇರಬೇಕಾಗಿಲ್ಲ ಅಂತ. ಖಾಲಿ ಅನ್ನುವ ಆ ಪದ ನಮ್ಮ ಫೈಲುಗಳಲ್ಲೂ ಇತ್ತು. ಎಷ್ಟು ಹೆಕ್ಟೇರು ನೀರು, ಎಷ್ಟು ಮರಿ ಬಿಟ್ಟಿದ್ದು. ನೀರಲ್ಲಿ ಮೊದಲೇ ಏನಿತ್ತು ಅಂತ ಬರೆಯಲು ಆ ಫಾರಮ್ಮಿನಲ್ಲಿ ಅಂಕಣವೇ ಇರಲಿಲ್ಲ.

ಕಾವೇರಿಗೆ ನಾನು ಹೋಗಿದ್ದು ಈ ಮನಸ್ಸಿನಿಂದಲೇ.

ಶಿವನಸಮುದ್ರದಲ್ಲಿ ಧುಮುಕಿದ ಮೇಲೆ ಕಾವೇರಿ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ ದಾಟಿ ಸಂಗಮಕ್ಕೆ ಬರುತ್ತಾಳೆ. ಅಲ್ಲಿ ಅರ್ಕಾವತಿ ಸೇರುತ್ತದೆ. ಬಂಡೆ, ಮಡು, ಅಬ್ಬರದ ನೀರು. ಇದು ಮಹಶೀರ್ ಮೀನಿನ ಜಾಗ. ಕಾವೇರಿ ದಂಡೆಯ ಜನ ಅದನ್ನು ಬಿಳಿಮೀನು ಅನ್ನುತ್ತಾರೆ. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳದಲ್ಲಿ ಹಿಡಿದ ಬಿಳಿಮೀನು 120 ಪೌಂಡ್ ತೂಗಿತ್ತು, ಅಂದರೆ 54 ಕಿಲೋ. ಒಬ್ಬ ಆಳಿನ ತೂಕ.

ಈ ಮೀನು ಕಾಟ್ಲಾದ ಹಾಗಲ್ಲ. ಲಕ್ಷದ ಲೆಕ್ಕದಲ್ಲಿ ಮೊಟ್ಟೆ ಇಡುವುದಿಲ್ಲ. ಹರಿಯುವ ತಿಳಿ ನೀರು, ತಳದಲ್ಲಿ ಗುಂಡುಕಲ್ಲು ಬೇಕು. ಮೊಟ್ಟೆ ಒಡೆಯಲು ಮೂರು ನಾಲ್ಕು ದಿನ. ಕಲ್ಲಿನ ಸಂದಿಗೆ ಕೆಸರು ತುಂಬಿದರೆ ಮೊಟ್ಟೆ ಉಸಿರುಕಟ್ಟುತ್ತದೆ. ಅಣೆಕಟ್ಟು ದಾರಿ ಮುಚ್ಚಿತು, ಮರಳು ತೆಗೆಯುವವರು ತಳ ಕೆದಕಿದರು, ಸಿಡಿಮದ್ದು ಬೇರೆ. ಸಿಡಿಮದ್ದಿಗೆ ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ. ಸತ್ತವುಗಳಲ್ಲಿ ಎಷ್ಟೋ ತಳಕ್ಕೆ ಹೋಗುತ್ತವೆ, ಮದ್ದು ಹಾಕಿದವನಿಗೂ ಸಿಗುವುದಿಲ್ಲ. 1897ರಲ್ಲೇ ಮೀನಿಗೆ ಮದ್ದು, ವಿಷ ಹಾಕುವುದನ್ನು ಅಪರಾಧ ಅಂತ ಕಾಯ್ದೆ ಮಾಡಿದ್ದಾರೆ. ಹಾಗಂತ ಅದು ನಿಂತಿಲ್ಲ.

ಬಿಳಿಮೀನು ಕಡಿಮೆಯಾಗುತ್ತಿದೆ, ಹಾಗಾದರೆ ಮರಿ ಬಿಡೋಣ ಅಂದರು. ಮಹಾರಾಷ್ಟ್ರದ ಲೋನಾವಳದಲ್ಲಿ 1970ರ ದಶಕದಿಂದ ಮಹಶೀರ್ ಮರಿ ಮಾಡುತ್ತಿದ್ದರು. ಅದು ನೀಲಿ ರೆಕ್ಕೆಯ ಮಹಶೀರ್, ಕೃಷ್ಣೆಯ ಕಡೆಯದು. 1839ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಇಟ್ಟಿದ್ದೇ ಪುಣೆಯ ಹತ್ತಿರದ ಹೊಳೆಯ ಮೀನು ನೋಡಿ. ಆ ಮೀನನ್ನೂ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದ್ದರು. ಅಪಾಯದಲ್ಲಿರುವ ಮೀನಿನ ಮರಿಯನ್ನು ನದಿಗೆ ಬಿಡುವುದು ಪುಣ್ಯದ ಕೆಲಸವೇ ಅಲ್ವಾ? ನಾನು ಕೆಲಸ ಮಾಡುತ್ತಿದ್ದ ಕಡೆಯಿಂದಲೂ ಮರಿ ಬಿಟ್ಟೆವು. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲ, ಬೆರಳುದ್ದದ ಮರಿಗಳು. ಚೀಲವನ್ನು ಸ್ವಲ್ಪ ಹೊತ್ತು ನದಿ ನೀರಲ್ಲಿ ತೇಲಿಸಿ, ಬಿಸಿ ತಂಪು ಸಮವಾದ ಮೇಲೆ ಬಾಯಿ ಬಿಚ್ಚುತ್ತಿದ್ದೆ. ಅವು ಚದುರಿ ಓಡುವುದನ್ನು ನೋಡಿ ಕಣ್ಣು ತುಂಬಿ ಬಂದದ್ದೂ ಉಂಟು.

ಆ ದಿನಗಳಲ್ಲಿ ನಮ್ಮನ್ನು ಹರಿಗೋಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದ ಒಬ್ಬರಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಒಂದು ಸಲ ಮರಿ ಬಿಡುತ್ತಿದ್ದಾಗ ಕೈಯಲ್ಲಿ ಒಂದನ್ನು ಹಿಡಿದು ನೋಡಿ ಹೇಳಿದರು: "ಇದು ನಮ್ಮ ಬಿಳಿಮೀನಲ್ಲ ಸ್ವಾಮಿ. ನಮ್ಮದಕ್ಕೆ ಬೆನ್ನು ಗೂನಾಗಿರ್ತದೆ, ಬಾಲ ಕೆಂಡದಂಗಿರ್ತದೆ. ಇದ್ರ ರೆಕ್ಕೆ ನೋಡಿ, ನೀಲಿ."

"ಅಣ್ಣ, ಮರಿಯಲ್ಲಿ ಬಣ್ಣ ಹಾಗಿರುತ್ತೆ, ದೊಡ್ಡದಾದ ಮೇಲೆ ಎಲ್ಲ ಒಂದೇ" ಅಂದೆ. ಪುಸ್ತಕದಲ್ಲಿ ಹಾಗೇ ಇತ್ತು. ಅವರು ಮತ್ತೆ ಮಾತಾಡಲಿಲ್ಲ. ಹುಟ್ಟು ಹಾಕುತ್ತಾ ಕೂತರು.

ಈಗ ಮುಂದಿನ ಕಥೆ ಕೇಳಿ. ಗಾಳಿಬೋರೆಯಲ್ಲಿ ಗಾಳ ಹಾಕಿ ಹಿಡಿದು, ತೂಕ ನೋಡಿ, ಮತ್ತೆ ನೀರಿಗೇ ಬಿಡುವ ಶಿಬಿರ ಇತ್ತು. ಅಲ್ಲಿ ಬಂದವರು ದಿನಾ ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು, ಎಷ್ಟು ತೂಕ ಅಂತ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಯನ್ನು ಮೀನು ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತವರ ಜೊತೆಯವರು ಕೂತು ಲೆಕ್ಕ ಹಾಕಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ. 2015ರಲ್ಲಿ ಅದು ಪ್ರಕಟವಾಯಿತು. ಒಟ್ಟಾರೆ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಸುಮ್ನೆ ಮೇಲಿನಿಂದ ನೋಡಿದರೆ ಹಬ್ಬ ಮಾಡಬೇಕು. ಬಣ್ಣದ ಪ್ರಕಾರ ಬೇರೆ ಮಾಡಿದಾಗ ಏರಿದ್ದೆಲ್ಲ ನೀಲಿ ರೆಕ್ಕೆಯದು. ಕೆಂಪು ಬಾಲದ ಗೂನು ಬೆನ್ನಿನ ಮೀನು ಕುಸಿದು ಹೋಗಿತ್ತು. ಅದರಲ್ಲೂ ಮರಿ ಮೀನು ಸಿಗುವುದು ಹೆಚ್ಚು ಕಡಿಮೆ ನಿಂತೇ ಹೋಗಿತ್ತು. ಇದ್ದವು ಮುದಿ ಮೀನುಗಳು.

ಗೂನು ಬೆನ್ನಿನ ಆ ಮೀನಿಗೆ ಆಗ ವೈಜ್ಞಾನಿಕ ಹೆಸರೇ ಇರಲಿಲ್ಲ. ಗಾಳ ಹಾಕುವ ಇಂಗ್ಲಿಷರು 1870ರ ದಶಕದಲ್ಲೇ ಅದರ ಬಗ್ಗೆ ಬರೆದಿದ್ದಾರೆ, ಫೋಟೋಗಳಿವೆ, ಜಗತ್ತಿಗೆಲ್ಲ ಗೊತ್ತಿದ್ದ ಮೀನು. ಹೆಸರಿಲ್ಲದಿದ್ದರೆ ಅದನ್ನು ಅಪಾಯದ ಪಟ್ಟಿಗೆ ಸೇರಿಸಲು ಬರುವುದಿಲ್ಲ. ಹೆಸರಿಡಲು ಮಾದರಿ ಮೀನು ಬೇಕು, ಮೀನೇ ಸಿಗುತ್ತಿಲ್ಲ. ಕೊನೆಗೆ, ಕಾವೇರಿಗೇ ನೀರು ಸೇರುವ ಮೋಯಾರ್ ನದಿಯಲ್ಲಿ ಸಿಕ್ಕಿತು. ಅದರ ಜೀನುಗಳನ್ನು ಹೋಲಿಸಿದಾಗ ಗೊತ್ತಾಯಿತು: ಕೇರಳದ ಚಿನ್ನಾರ್ ಕಡೆ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಸಣ್ಣ ಮೀನುಗಳಿಗೆ 2007ರಲ್ಲಿ ಟಾರ್ ರೆಮಾದೇವಿ ಅಂತ ಹೆಸರಿಟ್ಟಿದ್ದರು, ಎರಡೂ ಒಂದೇ. ಮೀನುಗಳ ಅಧ್ಯಯನ ಮಾಡಿದ ರೆಮಾದೇವಿ ಎಂಬ ವಿಜ್ಞಾನಿಯ ಹೆಸರದು. ಪಾಂಬಾರ್ ನೀರೂ ಕಾವೇರಿಗೇ ಸೇರುತ್ತದೆ. 2018ರಲ್ಲಿ ಈ ವಿಷಯ ಪ್ರಕಟವಾಯಿತು. ಅದೇ ವರ್ಷ ಆ ಮೀನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ನಾವು ಬಿಟ್ಟ ನೀಲಿ ರೆಕ್ಕೆಯದಕ್ಕೆ ಅಪಾಯವಿಲ್ಲ ಅಂತ ಆಯಿತು.

ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೀನು ಅದು. ಅಳಿದರೆ ನಮ್ಮ ಕೈಯಲ್ಲೇ ಅಳಿಯಬೇಕು.

ಮರಿ ಬಿಟ್ಟಿದ್ದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಅಣೆಕಟ್ಟು, ಮರಳು, ಮದ್ದು ಎಲ್ಲ ಸೇರಿದೆ. ಆದರೆ ಇರುವ ಕಷ್ಟದ ಮೇಲೆ ಊಟಕ್ಕೂ ಜಾಗಕ್ಕೂ ಪೈಪೋಟಿ ಮಾಡುವ ದಾಯಾದಿಯನ್ನು ತಂದುಬಿಟ್ಟವರು ನಾವು. 2015ರ ಆ ವರದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹರಿಗೋಲಿನವರನ್ನು ಹುಡುಕಿಕೊಂಡು ಹೋದೆ. ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗ ಇದ್ದ, ಕಾಫಿ ಕೊಟ್ಟ. "ಅಪ್ಪ ಕೊನೆ ತನಕ ಕೆಂಪು ಬಾಲದ್ದು ಒಂದಾದ್ರೂ ನೋಡಬೇಕು ಅಂತಿದ್ರು" ಅಂದ.

ಅದಾದ ಮೇಲೆ ಯಾವ ನೀರಿಗೆ ಹೋದರೂ ಮೊದಲು ಅಲ್ಲಿಯ ಬೆಸ್ತರ ಹತ್ತಿರ ಕೂರುತ್ತೇನೆ. ಹೆಸರು ಬರೆದುಕೊಳ್ಳುತ್ತೇನೆ. ಒಂದೇ ಮೀನಿಗೆ ಮರಿಯಲ್ಲಿ ಒಂದು ಹೆಸರು, ಬಲಿತ ಮೇಲೆ ಇನ್ನೊಂದು ಇರುವುದುಂಟು. ನಾವು ಒಂದೇ ಅಂದುಕೊಂಡದ್ದಕ್ಕೆ ಅವರಲ್ಲಿ ಎರಡು ಹೆಸರಿದ್ದರೆ, ಅಲ್ಲಿ ನಿಂತು ನೋಡಬೇಕು. ಈ ಬೆಂಗಳೂರಿನಲ್ಲೇ ಹೀಗೆ ನಿಂತು ನೋಡಿದ ದೊಡ್ಡವರಿದ್ದರು. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ ಅವರು ನೂರು ವರ್ಷದ ಹಿಂದೆ ಮೈಸೂರು, ಕೊಡಗಿನ ಹಳ್ಳಗಳಲ್ಲಿ ಕಪ್ಪೆ, ಮೀನು ಹುಡುಕಿದವರು. ಕಾವೇರಿಯ ಒಂದು ಪುಟ್ಟ ಮೀನಿಗೆ 1937ರಲ್ಲಿ ಸುಂದರಲಾಲ್ ಹೋರಾ ಅವರು ನಾರಾಯಣಿ ಅಂತ ಹೆಸರಿಟ್ಟಿದ್ದು ಇವರ ಗೌರವಕ್ಕೆ. ಸೆಂಟ್ರಲ್ ಕಾಲೇಜಿನ ಮುಂದೆ ಮೆಟ್ರೋ ಇಳಿಯುವಾಗೆಲ್ಲ ನನಗೆ ಅವರ ನೆನಪು.

ಇನ್ನು ಬೆಂಗಳೂರಿನ ಕೆರೆಗಳು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ತುಂಬಾ ಸತ್ತ ಮೀನು ತೇಲಿದ್ದು ನಿಮಗೆ ನೆನಪಿರಬಹುದು. ಕೊಳಚೆ ಸೇರಿದ ನೀರಿನಲ್ಲಿ ಹಸಿರು ಪಾಚಿ ಜಾಸ್ತಿ. ಹಗಲು ಅದು ಆಕ್ಸಿಜನ್ ಕೊಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಕೊಳಚೆ ತಿನ್ನುವ ಬ್ಯಾಕ್ಟೀರಿಯಾ ಹಗಲೂ ರಾತ್ರಿ ಎಳೆದುಕೊಳ್ಳುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಉಸಿರು ಅತಿ ಕಡಿಮೆ. ಲೀಟರಿಗೆ 3 ಮಿಲಿಗ್ರಾಂಗಿಂತ ಇಳಿದರೆ ಹೆಚ್ಚಿನ ಮೀನುಗಳಿಗೆ ಸಂಕಟ. ಬೆಳಗಿನ ವಾಕಿಂಗ್‌ನಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಮಕ್ಕಳಿಗೆ ತೋರಿಸಿ ಖುಷಿಪಡಬೇಡಿ. ಅವು ಉಸಿರಿಗೆ ಒದ್ದಾಡುತ್ತಿವೆ. ತಕ್ಷಣ ಯಾರಿಗಾದರೂ ಹೇಳಿ. ಮಧ್ಯಾಹ್ನ ಬಂದು ನೀರು ಪರೀಕ್ಷೆ ಮಾಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇಂಥ ನೀರಲ್ಲೂ ಬದುಕುವುದು ಆಫ್ರಿಕನ್ ಕ್ಯಾಟ್‌ಫಿಶ್. ಅದಕ್ಕೆ ಗಾಳಿಯನ್ನೇ ನೇರ ಉಸಿರಾಡುವ ಅಂಗ ಇದೆ. ಸಾಕಣೆಗೆ ನಿಷೇಧ ಇದ್ದರೂ ಊರ ಸುತ್ತ ಕೋಳಿ ತ್ಯಾಜ್ಯ ಹಾಕಿ ಸಾಕುತ್ತಾರೆ. ಮಳೆಗೆ ತಪ್ಪಿಸಿಕೊಂಡು ರಾಜಕಾಲುವೆ ಹಿಡಿದು ಕೆರೆಗೆ ಬರುತ್ತದೆ, ಸಿಕ್ಕಿದ್ದನ್ನು ನುಂಗುತ್ತದೆ. ಇನ್ನೊಂದು, ನಾವು ಜಿಲೇಬಿ ಅನ್ನುವ ತಿಲಾಪಿಯಾ. 1952ರಲ್ಲಿ ದೇಶಕ್ಕೆ ಬಂದದ್ದು. ಎಲ್ಲಿ ಹೋದರೂ ಸಂಸಾರ ಹೂಡಿಬಿಡುತ್ತದೆ.

ಇಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಕೇಳಿದರು: "ಸೊಳ್ಳೆಗೆ ಅಂತ ಗಪ್ಪಿ, ಗಾಂಬೂಸಿಯಾ ಬಿಡ್ತಾರಲ್ಲ, ಅದೂ ತಪ್ಪಾ ಸರ್?"

ಅಮ್ಮಾ, ಮನೆಯ ತೊಟ್ಟಿಗೆ, ಮುಚ್ಚಿದ ನೀರಿನ ಸಂಪ್‌ಗೆ ಬಿಟ್ಟರೆ ತೊಂದರೆ ಇಲ್ಲ. ಕೆರೆಗೆ ಬೇಡ. ಗಾಂಬೂಸಿಯಾ 1928ರಲ್ಲಿ ಇಟಲಿಯಿಂದ ಬಂದಿದ್ದು. ಬೇರೆ ಮೀನಿನ ಮೊಟ್ಟೆಯನ್ನೂ, ಕಪ್ಪೆಮರಿಯನ್ನೂ ಅದು ತಿನ್ನುತ್ತದೆ. ಸೊಳ್ಳೆ ಮರಿ ತಿನ್ನುವ ಮೀನು ನಮ್ಮಲ್ಲೇ ಇದೆ. ದಡದ ಹುಲ್ಲಿನ ಹತ್ತಿರ ನೀರಿನ ಮೇಲ್ಮೈಯಲ್ಲೇ ಇರುತ್ತದೆ, ನೆತ್ತಿಯ ಮೇಲೆ ಒಂದು ಚುಕ್ಕೆ ಹೊಳೆಯುತ್ತದೆ. ಮೇಲಿನಿಂದ ನೋಡಿದರೆ ದೀಪ ಹೊತ್ತು ಹೋದ ಹಾಗೆ. ಒಂದು ಕೆರೆಗೆ ಸುತ್ತಲೂ ಕಲ್ಲು ಕಟ್ಟಿ ಹುಲ್ಲಂಚು ತೆಗೆದರೆ ಮೊದಲು ಹೋಗುವುದು ಅದೇ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಈ ಕೆಲಸದಲ್ಲಿ ಬದುಕಬಹುದಾ ಸರ್?"

ಬದುಕಬಹುದಮ್ಮ. ಮೀನುಗಾರಿಕೆ ಪದವಿ ನಾಲ್ಕು ವರ್ಷ. ಇಲಾಖೆಯಲ್ಲಿ ಕೆಲಸ ಸಿಗುತ್ತದೆ, ಮೀನು ಸಾಕುವವರ ಹತ್ತಿರ ಸಿಗುತ್ತದೆ. ನದಿಯಲ್ಲಿ ಅಧ್ಯಯನ ಮಾಡುವ ಕೆಲಸಗಳು ಮಾತ್ರ ಹೆಚ್ಚಾಗಿ ಎರಡು ಮೂರು ವರ್ಷದ ಯೋಜನೆಗಳು. ಮುಗಿದ ಮೇಲೆ ಮತ್ತೆ ಹುಡುಕಬೇಕು. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡು. ಈಗ ಒಂದು ಲೀಟರ್ ನೀರು ಸೋಸಿ, ಅದರಲ್ಲಿ ಉಳಿದ ಡಿಎನ್‌ಎ ಓದಿ, ಯಾವ ಮೀನು ಇದೆ ಅಂತ ಹೇಳುವ ವಿಧಾನ ಬಂದಿದೆ. ಅದನ್ನು ಕಲಿ. ಜೊತೆಗೆ ಬೀಸುಬಲೆ ಹಾಕುವುದನ್ನೂ ಕಲಿ. ನನಗೆ ಬಲೆ ದುಂಡಗೆ ಬೀಳಲು ಎರಡು ವರ್ಷ ಹಿಡಿಯಿತು. ದಿನಾ ರಾತ್ರಿ ಮಲಗುವ ಮೊದಲು ಬರೆದಿಡು. ಏನೂ ಸಿಗದ ದಿನವೂ, ಏನೂ ಸಿಗಲಿಲ್ಲ ಅಂತ ತಾರೀಖು ಹಾಕಿ ಬರೆ. ಗಾಳಿಬೋರೆಯ ಆ ಪುಸ್ತಕ ಇರದಿದ್ದರೆ ನಮಗೆ ಇವತ್ತಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಮತ್ತೆ ನಮ್ಮ ಬಡಾವಣೆಯ ಹುಡುಗರ ವಿಷಯ. ಮರಿಯ ಆರ್ಡರ್ ಕೊಡುವುದನ್ನು ಸದ್ಯಕ್ಕೆ ತಡೆದಿದ್ದೇನೆ. ಹಿಂದೆ ಆ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ ಒಬ್ಬ ಅಜ್ಜ ಪಕ್ಕದ ಹಳ್ಳಿಯಲ್ಲಿ ಸಿಕ್ಕಿದ್ದಾರೆ. ಈಗ ಆ ಹಳ್ಳಿ ಒಂದು ವಾರ್ಡು. ಅವರು ಹದಿಮೂರು ಮೀನಿನ ಹೆಸರು ಹೇಳಿದರು, ಹುಡುಗರು ಬರೆದುಕೊಂಡಿದ್ದಾರೆ. ಕೊರವ, ಬಾಳೆ, ಚೇಳುಮೀನು, ಮೂರು ತರದ ಪಕ್ಕೆ. ಅನುಮತಿಯೂ ಸಿಕ್ಕಿದೆ. ಬರುವ ಭಾನುವಾರ ಅಜ್ಜನ ಜೊತೆ ಬಲೆ ಹಾಕಿ, ಅದರಲ್ಲಿ ಈಗ ಎಷ್ಟು ಉಳಿದಿವೆ ಅಂತ ನೋಡುತ್ತೇವೆ. ಎಣಿಸಿ, ಅಳೆದು, ವಾಪಸ್ ಬಿಡುವುದು. ಬೆಳಗ್ಗೆ ಐದೂವರೆಗೆ ಶುರು. ಬರುವವರು ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ. ಒಂದು ಬಕೆಟ್ಟೂ ತನ್ನಿ, ನಮ್ಮ ಹತ್ತಿರ ನಾಲ್ಕೇ ಇವೆ.